ದೊಡ್ಡಪ್ಪನ ಕಾರ್ಡು, ದೊಡ್ಡಪ್ಪನ ಹೆಬ್ಬೆಟ್ಟು

ದೊಡ್ಡಪ್ಪ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಸಾಮಾನ್ಯವಾಗಿ ಅವರು ಒಂದು ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗ್ತಾರೆ, ನಾನೇ ಆಮೇಲೆ ಮಾಡಬೇಕು. ಅವತ್ತು ಬಿಡದೆ ಮೂರು ಸಲ ರಿಂಗ್ ಆಯ್ತು. ಎದ್ದು ಹೊರಗೆ ಬಂದೆ.

“ತಮ್ಮಾ, ರೊಕ್ಕ ಹೋಗ್ಯಾವೋ. ಇಪ್ಪತ್ತು ಸಾವಿರ. ಹೊಸಾ ಕಾರ್ಡ್ ಕೊಟ್ಟಾರಲ್ಲ, ಅದೇ ಗೀಟು ಗೀಟು ಇರೋದು, ಅದರಾಗಿಂದ ಬಸ್ಸಿನ್ಯಾಗ ಯಾಂವೋ ಎಳಕೊಂಡಾನ.”

ಗೀಟು ಗೀಟು ಅಂದ್ರೆ ನಿಮ್ಮ ಡೆಬಿಟ್ ಕಾರ್ಡಿನ ಮೇಲೂ ಇರುವ ಆ ನಾಲ್ಕು ಬಾಗಿದ ಗೆರೆ, ವೈಫೈ ಚಿಹ್ನೆಯನ್ನು ಅಡ್ಡ ಮಲಗಿಸಿದ ಹಾಗೆ ಇರೋದು. ಮಷೀನಿಗೆ ಮುಟ್ಟಿಸಿದರೆ ಸಾಕು, ಪಿನ್ ಇಲ್ಲದೆ ಹಣ ಹೋಗುತ್ತೆ ಅನ್ನೋದರ ಗುರುತು.

ನಮ್ಮೂರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಎರಿ ಭೂಮಿ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ದೊಡ್ಡಪ್ಪ ಆ ಮಂಗಳವಾರ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಕಡಲೆ ಮಾರಿ, ಸಂಜೆ ನವಲಗುಂದದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಕಾರ್ಡು ಅಂಗಿಯ ಎದೆ ಕಿಸೆಯಲ್ಲಿತ್ತು. ಪಕ್ಕದಲ್ಲಿ ಒಬ್ಬ ಹುಡುಗ ಉಜ್ಜಿಕೊಂಡು ನಿಂತಿದ್ದನಂತೆ, ಕೈಯಲ್ಲಿ ದೊಡ್ಡ ಫೋನು ಇತ್ತಂತೆ. ಬುಧವಾರ ಬೆಳಿಗ್ಗೆ ಹತ್ತು ಸಾವಿರ, ಗುರುವಾರ ಬೆಳಿಗ್ಗೆ ಮತ್ತೆ ಹತ್ತು ಸಾವಿರ ಖಾತೆಯಿಂದ ಹೋಗಿತ್ತು. ಬುಧವಾರದ ಎಸ್ಸೆಮ್ಮೆಸ್ಸನ್ನು ಯಾರೂ ಓದಿರಲಿಲ್ಲ, ಅದು ಇಂಗ್ಲಿಷಿನಲ್ಲಿತ್ತು. ಗುರುವಾರದ್ದನ್ನು ಹೈಸ್ಕೂಲಿಗೆ ಹೋಗೋ ಮೊಮ್ಮಗ ನೋಡಿ ಗಾಬರಿಯಾಗಿ ಹೇಳಿದ.

ಊರಲ್ಲಿ ಅಷ್ಟೊತ್ತಿಗೆ ತೀರ್ಪು ಆಗಿಹೋಗಿತ್ತು. ಕಟ್ಟೆ ಮೇಲೆ ಕೂತ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋ ತೋರಿಸಿದ್ದರು. ಒಬ್ಬ ಸ್ವೈಪ್ ಮಷೀನು ಹಿಡ್ಕೊಂಡು ರೈಲಿನಲ್ಲಿ ಜನರ ಹಿಂಬದಿ ಕಿಸೆಗೆ ತಾಗಿಸ್ತಾ ಹೋಗ್ತಾನೆ, ಟಿಂಗ್ ಟಿಂಗ್ ಅಂತ ದುಡ್ಡು ಬರುತ್ತೆ. ದೊಡ್ಡಪ್ಪ ಕಾರ್ಡನ್ನು ಒಲೆಗೆ ಹಾಕೋಕೆ ಹೊರಟಿದ್ದರು. ದೊಡ್ಡವ್ವ ತಡೆದು ಹಳೇ ತಂಬಾಕಿನ ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

ನನಗೆ ಅನುಮಾನ ಬಂದದ್ದು ಮೊತ್ತದ ಮೇಲೆ. ಪಿನ್ ಇಲ್ಲದೆ ಬರೀ ತಾಗಿಸಿ ಕೊಡಬಹುದಾದ ಹಣಕ್ಕೆ ನಮ್ಮ ದೇಶದಲ್ಲಿ ಮಿತಿ ಇದೆ. ಮೊದಲು 2,000 ರೂಪಾಯಿ ಇತ್ತು, 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು 5,000ಕ್ಕೆ ಏರಿಸಿತು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಪಿನ್ ಕೇಳುತ್ತೆ. ಹಾಗಿದ್ದಮೇಲೆ ಒಂದೇ ಏಟಿಗೆ ಹತ್ತು ಸಾವಿರ ಹೇಗೆ ಹೋಯಿತು? ಅದೂ ಬಸ್ಸಿಳಿದ ಮರುದಿನ, ಕಾರ್ಡು ಮನೆಯ ಗೂಡಿನಲ್ಲಿ ಇದ್ದಾಗ?

“ಆ ಮೆಸೇಜಿನ ಫೋಟೋ ಕಳಿಸು” ಅಂತ ಮೊಮ್ಮಗನಿಗೆ ಹೇಳಿದೆ. ಬಂತು. ಹಣ ಕಡಿತವಾದ ವಿವರದ ನಡುವೆ ನಾಲ್ಕು ಅಕ್ಷರ ಇದ್ದವು, ಎಇಪಿಎಸ್. ಅಂದರೆ ಆಧಾರ್ ಮೂಲಕ ಹಣ ಪಾವತಿಸೋ ವ್ಯವಸ್ಥೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರ ಸಣ್ಣ ಮಷೀನು ಇಟ್ಟುಕೊಂಡು, ಆಧಾರ್ ನಂಬರ್ ಹೊಡೆದು, ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡ್ತಾರಲ್ಲ, ಅದು. ಅದರಲ್ಲಿ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ತೆಗೀಬಹುದು. ಕಾರ್ಡು ಬೇಕಿಲ್ಲ, ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ.

ಅಂದರೆ ಎರಡು ದಿನ ಡಬ್ಬಿ ಜೈಲಿನಲ್ಲಿದ್ದ ಕಾರ್ಡು ನಿರಪರಾಧಿ.

ಆವತ್ತೇ ಅಣ್ಣನಿಂದ, ಅಂದ್ರೆ ದೊಡ್ಡಪ್ಪನ ಮಗನಿಂದ, 1930ಕ್ಕೆ ಫೋನ್ ಮಾಡಿಸಿದೆ. ಶುಕ್ರವಾರ ಬ್ಯಾಂಕಿನ ಶಾಖೆಗೆ ಬರಹದಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಂಡ. ಶನಿವಾರ ನಾನು ಊರಿಗೆ ಹೋದೆ.

ದೊಡ್ಡಪ್ಪ ನಂಬಲಿಲ್ಲ. “ನೀ ಕಂಪ್ಯೂಟರ್ ಕಲಿತಾಂವ, ಕಂಪ್ಯೂಟರ್ ಪರವಾಗೇ ಮಾತಾಡ್ತಿ” ಅಂದರು. ಸರಿ, ತೋರಿಸಿಯೇ ಬಿಡೋಣ ಅಂತ ಡಬ್ಬಿ ತರಿಸಿದೆ. ನನ್ನ ಫೋನಿನಲ್ಲಿ ಎನ್‌ಎಫ್‌ಸಿ ಇದೆ, ಕಾರ್ಡಿನ ಚಿಪ್ಪನ್ನು ಓದುವ ಒಂದು ಆ್ಯಪ್ ಹಾಕಿಕೊಂಡಿದ್ದೆ. ಡಬ್ಬಿಯ ಮುಚ್ಚಳದ ಮೇಲೆ ಫೋನ್ ಇಟ್ಟೆ. ಏನೂ ಬರಲಿಲ್ಲ, ತಗಡು ಆ ತರಂಗವನ್ನು ತಡೆಯುತ್ತೆ. ದೊಡ್ಡವ್ವ ಇದನ್ನು ಓದಿ ಮಾಡಿದ್ದಲ್ಲ, ಆದರೂ ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಮಾರೋ ‘ಆರ್‌ಎಫ್‌ಐಡಿ ಸುರಕ್ಷಿತ ಪರ್ಸ್’ ಮಾಡೋ ಕೆಲಸವನ್ನೇ ಆ ಡಬ್ಬಿ ಮಾಡ್ತಿತ್ತು. ಕಾರ್ಡನ್ನು ಹೊರಗೆ ತೆಗೆದು ಒಂದು ಗೇಣು ದೂರದಲ್ಲಿ ಹಿಡಿದೆ. ಏನೂ ಇಲ್ಲ. ಫೋನಿನ ಬೆನ್ನಿಗೆ ಹಚ್ಚಿದೆ. ಟಿಂಗ್ ಅಂತು. ಪರದೆಯ ಮೇಲೆ ಹದಿನಾರು ಅಂಕಿಯ ಕಾರ್ಡ್ ನಂಬರು, ಅವಧಿ ಮುಗಿಯುವ ತಿಂಗಳು, ವರ್ಷ.

“ನೋಡಿದ್ಯಾ! ಬಂತಲ್ಲೋ ನಂಬರು!” ದೊಡ್ಡಪ್ಪ ಎದ್ದು ನಿಂತರು.

ಬಂತು, ನಿಜ. ಇದನ್ನು ಮುಚ್ಚಿಡೋದು ತಪ್ಪು. ಹತ್ತಿರಕ್ಕೆ, ಅಂದ್ರೆ ನಾಲ್ಕೈದು ಸೆಂಟಿಮೀಟರ್ ಒಳಗೆ ಬಂದವನು ಆ ನಂಬರ್ ಓದಬಹುದು. ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಮಷೀನು 13.56 ಮೆಗಾಹರ್ಟ್ಸ್‌ನಲ್ಲಿ ಹರಡುವ ಕಾಂತಕ್ಷೇತ್ರದಿಂದಲೇ ಅದರ ಒಳಗಿನ ತಂತಿ ಸುರುಳಿಗೆ ಕರೆಂಟು ಸಿಕ್ಕಿ ಚಿಪ್ಪು ಎಚ್ಚರವಾಗೋದು, ಅದಕ್ಕೇ ಅಷ್ಟು ಹತ್ತಿರ ಬೇಕು. ಆದರೆ ನಂಬರ್ ಸಿಕ್ಕರೆ ದುಡ್ಡು ಸಿಕ್ಕಂತೆ ಅಲ್ಲ. ಕಾರ್ಡಿನ ಹಿಂದೆ ಅಚ್ಚಾಗಿರುವ ಮೂರಂಕಿಯ ಸಿವಿವಿ ಗಾಳಿಯಲ್ಲಿ ಬರೋದಿಲ್ಲ, ಪಿನ್ನೂ ಬರೋದಿಲ್ಲ. ನಮ್ಮ ದೇಶದೊಳಗೆ ಆನ್‌ಲೈನ್ ಖರೀದಿಗೆ 2009ರಿಂದಲೇ ಎರಡನೇ ಹಂತದ ದೃಢೀಕರಣ ಕಡ್ಡಾಯ, ಹೆಚ್ಚಾಗಿ ಅದು ಒಟಿಪಿ. ಕೆಲವು ವಿದೇಶಿ ಸೈಟುಗಳು ಮಾತ್ರ ಒಟಿಪಿ ಕೇಳೋದಿಲ್ಲ, ಹಾಗಾಗಿ ಅಂತರರಾಷ್ಟ್ರೀಯ ಬಳಕೆ ಬೇಡದಿದ್ದವರು ಅದನ್ನು ಆಫ್ ಮಾಡಿಟ್ಟಿರಬೇಕು.

ಇನ್ನು ನಿಜವಾದ ಪಾವತಿ. ಮಷೀನು ಕಾರ್ಡಿಗೆ “ಇಷ್ಟು ರೂಪಾಯಿ, ಈ ತಾರೀಖು, ಇಗೋ ನನ್ನದೊಂದು ಹೊಸ ಸಂಖ್ಯೆ” ಅಂತ ಕಳಿಸುತ್ತೆ. ಚಿಪ್ಪಿನೊಳಗೆ ಒಂದು ಗುಪ್ತ ಸಂಖ್ಯೆ ಕೂತಿದೆ, ಅದು ಯಾವತ್ತೂ ಹೊರಗೆ ಬರೋದಿಲ್ಲ. ಆ ಗುಪ್ತ ಸಂಖ್ಯೆ, ಮಷೀನು ಕಳಿಸಿದ ವಿವರ, ಜೊತೆಗೆ ಇದು ಕಾರ್ಡಿನ ಎಷ್ಟನೇ ವ್ಯವಹಾರ ಅನ್ನೋ ಎಣಿಕೆ, ಎಲ್ಲವನ್ನೂ ಅರೆದು ಚಿಪ್ಪು ಒಂದು ಉತ್ತರ ಕೊಡುತ್ತೆ. ಅದು ಸರಿಯೋ ಅಲ್ಲವೋ ಅಂತ ಬ್ಯಾಂಕು ಮಾತ್ರ ಹೇಳಬಲ್ಲದು. ಕದ್ದವನು ಆ ಉತ್ತರವನ್ನು ಇಟ್ಟುಕೊಂಡು ನಾಳೆ ಕೊಟ್ಟರೆ ಬ್ಯಾಂಕು ಒಪ್ಪೋದಿಲ್ಲ, ಎಣಿಕೆ ಮುಂದೆ ಹೋಗಿರುತ್ತೆ.

“ದೊಡ್ಡಪ್ಪಾ, ನಿನ್ನೆ ಹುಬ್ಬಳ್ಳಿಗೆ ತಗಿಸಿದ ಟಿಕೆಟು ಇವತ್ತು ಕಂಡಕ್ಟರ್‌ಗೆ ತೋರಿಸಿದ್ರ ನಡೀತದೇನ್ರಿ?”

“ಇಳಿಸಿ ಕಳಸ್ತಾನ.”

“ಇದೂ ಹಂಗ.”

ಹಳೇ ಕಾರ್ಡುಗಳ ಕಪ್ಪು ಪಟ್ಟಿ ಹಾಗಿರಲಿಲ್ಲ. ಅದರಲ್ಲಿ ಬರೆದಿದ್ದು ಯಾವತ್ತೂ ಬದಲಾಗದ ಮಾಹಿತಿ, ಒಂದು ಸಲ ನಕಲು ಮಾಡಿದರೆ ಇನ್ನೊಂದು ಕಾರ್ಡು ತಯಾರು. ಎಟಿಎಂ ಬಾಯಿಗೆ ಸ್ಕಿಮ್ಮರ್ ಕೂರಿಸಿ, ಮೇಲೊಂದು ಸಣ್ಣ ಕ್ಯಾಮೆರಾ ಇಟ್ಟು ಪಿನ್ ಕದಿಯುತ್ತಿದ್ದದ್ದು ಅದಕ್ಕೇ. ಅದೇ ಕಾರಣಕ್ಕೆ ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ 31ರೊಳಗೆ ಎಲ್ಲರಿಗೂ ಚಿಪ್ ಕಾರ್ಡು ಕೊಡಿ ಅಂತ ಬ್ಯಾಂಕುಗಳಿಗೆ ಗಡುವು ಹಾಕಿದ್ದು. ‘ಸ್ಕಿಮ್ಮಿಂಗ್’ ಅನ್ನೋ ಹೆದರಿಕೆ ಆ ಕಾಲದ್ದು. ಆಗ ಅದು ನ್ಯಾಯವಾದದ್ದೇ ಆಗಿತ್ತು, ಈಗ ಹೆಸರು ಉಳಿದು ಚಿಪ್ಪಿಗೆ ಅಂಟಿಕೊಂಡಿದೆ.

ಹಾಗಾದರೆ ಆ ರೈಲಿನ ವಿಡಿಯೋದವನು ನಿಜವಾದ ಸ್ವೈಪ್ ಮಷೀನನ್ನೇ ಹಿಡ್ಕೊಂಡು ಬಂದರೆ? ತಾಗಿಸಿದರೆ 5,000ದೊಳಗೆ ಹೋಗಬಹುದು, ಚಿಪ್ಪು ಸರಿಯಾದ ಉತ್ತರವನ್ನೇ ಕೊಡುತ್ತಲ್ಲ. ಆದರೆ ಆ ಮಷೀನು ಯಾವುದೋ ಬ್ಯಾಂಕಿನದ್ದು, ಅದರ ಹಿಂದೆ ಗುರುತಿನ ದಾಖಲೆ ಕೊಟ್ಟು ತೆರೆದ ವ್ಯಾಪಾರಿ ಖಾತೆ ಇರುತ್ತೆ, ಹಣ ಆ ಖಾತೆಗೇ ಹೋಗಿ ಕೂರುತ್ತೆ. ತನ್ನದೇ ವಿಳಾಸ ಬಿಟ್ಟು ಕದಿಯುವ ಕಳ್ಳ ಕಡಿಮೆ. 2022ರ ಜೂನ್‌ನಲ್ಲಿ ಇಂಥದ್ದೇ ಇನ್ನೊಂದು ವಿಡಿಯೋ ಬಂದಿತ್ತು, ನಿಮಗೂ ಬಂದಿರುತ್ತೆ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಒರೆಸೋ ಹುಡುಗ ಕೈಗಡಿಯಾರದಿಂದ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ಹಣ ಎಳೀತಾನೆ ಅಂತ. ಅದು ಸುಳ್ಳು, ಫಾಸ್ಟ್ಯಾಗ್‌ನಿಂದ ಹಣ ನೋಂದಾಯಿತ ಟೋಲ್, ಪಾರ್ಕಿಂಗ್‌ನಂಥ ವ್ಯಾಪಾರಿಗಳಿಗೆ ಮಾತ್ರ ಹೋಗುತ್ತೆ, ವ್ಯಕ್ತಿಗಳಿಗೆ ಹೋಗೋ ದಾರಿಯೇ ಇಲ್ಲ ಅಂತ ಎನ್‌ಪಿಸಿಐ ಆಗಲೇ ಸ್ಪಷ್ಟಪಡಿಸಿತ್ತು. ವಿಡಿಯೋ ಮಾತ್ರ ಇನ್ನೂ ಫಾರ್ವರ್ಡ್ ಆಗ್ತಾ ಇದೆ.

ಎನ್‌ಎಫ್‌ಸಿ ಮೂಲಕ ನಿಜವಾಗಿ ಹಣ ಹೋದ ಪ್ರಕರಣವೂ ಇದೆ, ಹೇಳಲೇಬೇಕು. ಝೆಕ್ ದೇಶದ್ದು. 2024ರ ಆಗಸ್ಟ್‌ನಲ್ಲಿ ಇಸೆಟ್ ಅನ್ನೋ ಸುರಕ್ಷತಾ ಸಂಸ್ಥೆ ಎನ್‌ಗೇಟ್ ಅನ್ನೋ ಆ್ಯಂಡ್ರಾಯ್ಡ್ ಮಾಲ್‌ವೇರಿನ ಬಗ್ಗೆ ಬರೆದಿತ್ತು. ಮೊದಲು ತೆರಿಗೆ ವಾಪಸು ಬರುತ್ತೆ ಅಂತ ಮೆಸೇಜು, ಆಮೇಲೆ ಬ್ಯಾಂಕಿನವರ ಹೆಸರಲ್ಲಿ ಫೋನು, ನಿಮ್ಮ ಖಾತೆ ಅಪಾಯದಲ್ಲಿದೆ, ಈ ಆ್ಯಪ್ ಹಾಕಿಕೊಳ್ಳಿ, ಕಾರ್ಡನ್ನು ನಿಮ್ಮ ಫೋನಿನ ಬೆನ್ನಿಗೆ ಹಚ್ಚಿ, ಪಿನ್ ಒತ್ತಿ. ಅಷ್ಟು ಮಾಡಿದರೆ ಚಿಪ್ಪಿನ ಮಾತುಕತೆ ಇಂಟರ್ನೆಟ್ಟಿನಲ್ಲಿ ಹಾದು ಎಟಿಎಂ ಮುಂದೆ ನಿಂತ ಕಳ್ಳನ ಫೋನಿಗೆ ಹೋಗುತ್ತೆ. ಗಮನಿಸಿ, ಅಲ್ಲೂ ಯಾರೂ ಯಾರ ಕಿಸೆಗೂ ತಾಗಿಸಲಿಲ್ಲ. ಕಾರ್ಡಿನ ಯಜಮಾನನೇ ತನ್ನ ಕೈಯಾರೆ ಹಚ್ಚಿ, ಪಿನ್ ಕೊಟ್ಟ. ನಮ್ಮಲ್ಲೂ ನಾಳೆ “ಕೆವೈಸಿಗೆ ಕಾರ್ಡನ್ನು ಫೋನಿಗೆ ಹಚ್ಚಿ” ಅಂತ ಯಾರಾದರೂ ಹೇಳಬಹುದು. ಯಾವ ಬ್ಯಾಂಕಿನವರೂ ಫೋನ್ ಮಾಡಿ ಹಾಗೆ ಮಾಡಿಸಲ್ಲ.

ಇಷ್ಟೆಲ್ಲ ಹೇಳಿ ಮುಗಿಸೋ ಹೊತ್ತಿಗೆ ಅಣ್ಣ ಬ್ಯಾಂಕಿನ ಆ್ಯಪ್ ತೆಗೆದು ನೋಡ್ತಿದ್ದ. ನಕ್ಕುಬಿಟ್ಟ. ದೊಡ್ಡಪ್ಪನ ಕಾರ್ಡಿನಲ್ಲಿ ಕಾಂಟ್ಯಾಕ್ಟ್‌ಲೆಸ್ ಅನ್ನೋದು ಆನ್ ಆಗಿಯೇ ಇರಲಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷೀನಿಗೆ ಚಿಪ್ ಸೇರಿಸಿ ಬಳಸೋಕೆ ಮಾತ್ರ ಚಾಲೂ ಇರುತ್ತೆ. ತಾಗಿಸೋದು, ಆನ್‌ಲೈನು, ವಿದೇಶ, ಮೂರನ್ನೂ ನಾವೇ ಕೇಳಿ ಆನ್ ಮಾಡಿಸಬೇಕು. ನನ್ನ ಫೋನು ನಂಬರ್ ಓದಿದ್ದು ಹೇಗೆ ಅಂದ್ರೆ, ಆ ಸ್ವಿಚ್ಚು ಇರೋದು ಬ್ಯಾಂಕಿನ ಕಂಪ್ಯೂಟರಿನಲ್ಲಿ, ಕಾರ್ಡಿನಲ್ಲಲ್ಲ. ಚಿಪ್ಪು ಮಾತಾಡುತ್ತೆ, ಬ್ಯಾಂಕು ಹಣ ಕೊಡಲ್ಲ.

ಕಾರ್ಡಿನ ಕಾಗದದ ಕವರಿನ ಮೇಲೆ ಬಾಲ್‌ಪೆನ್ನಿನಲ್ಲಿ ದೊಡ್ಡದಾಗಿ ಪಿನ್ ಬರೆದಿದ್ದು ಆಗ ಕಣ್ಣಿಗೆ ಬಿತ್ತು. ನಾಲ್ಕಂಕಿ, ಕೆಳಗೆ ಗೆರೆ ಬೇರೆ. ತರಂಗಕ್ಕೆ ಹೆದರಿ ಡಬ್ಬಿಯಲ್ಲಿಟ್ಟ ಕಾರ್ಡಿನ ಜೊತೆ ಪಿನ್ನೂ ಅದೇ ಡಬ್ಬಿಯಲ್ಲಿ! ಅದನ್ನು ಹರಿದು ಹಾಕಿ ಹೊಸ ಪಿನ್ ಮಾಡಿಸಿದ್ದಾಯ್ತು. ಅದು ದೊಡ್ಡಪ್ಪ ಹೊಲ ಕೊಂಡ ವರ್ಷ ಅಲ್ಲ, ದೊಡ್ಡವ್ವನ ಹುಟ್ಟಿದ ವರ್ಷವೂ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಇನ್ನು ಹೆಬ್ಬೆಟ್ಟು.

ದೊಡ್ಡಪ್ಪ ಹೋದ ಎರಡು ವರ್ಷದಲ್ಲಿ ಎಲ್ಲೆಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ ಅಂತ ಪಟ್ಟಿ ಮಾಡೋಕೆ ಕೂತೆವು. ತಿಂಗಳಿಗೊಮ್ಮೆ ರೇಷನ್ ಅಂಗಡಿ. ಸಿಮ್ ಕಾರ್ಡು. ಪಿಎಂ ಕಿಸಾನ್ ಕೆವೈಸಿ. ಬ್ಯಾಂಕ್ ಮಿತ್ರನ ಮಷೀನು. ಅಣ್ಣತಮ್ಮಂದಿರ ವಾಟ್ನಿ ಪತ್ರದ ನೋಂದಣಿ. “ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತರಿ” ಅಂತ ಎರಡೆರಡು ಸಲ ಒತ್ತಿಸಿಕೊಂಡವರು ಬೇರೆ. ಎಲ್ಲಿಂದ ಸೋರಿತು ಅಂತ ಇವತ್ತಿಗೂ ಗೊತ್ತಾಗಿಲ್ಲ, ಯಾರ ಮೇಲೂ ಬೆರಳು ತೋರಿಸೋ ಹಾಗಿಲ್ಲ.

ಆದರೆ ರಾಜ್ಯಕ್ಕೆ ಇದು ಹೊಸದಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಹೀಗೇ ಎಇಪಿಎಸ್ ಮೂಲಕ ಹಣ ಹೋಗಿತ್ತು. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತೆ, ಆಧಾರ್ ನಂಬರೂ ಇರುತ್ತೆ. ಆ ಪ್ರತಿಗಳಿಂದ ಬೆರಳಚ್ಚು ನಕಲು ಮಾಡಿದ್ದಾರೆ ಅನ್ನೋದು ಪೊಲೀಸರ ಅನುಮಾನವಾಗಿತ್ತು. ಆಮೇಲೆ ಕಾವೇರಿ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು. ನಕಲಿ ಬೆರಳು ಗುರುತಿಸೋ ತಂತ್ರವನ್ನೂ ಯುಐಡಿಎಐ ಅದೇ ವರ್ಷ ಸೇರಿಸಿತು.

ಎಂಜಿನಿಯರ್ ಆಗಿ ನನಗೆ ಕಾಡೋದು ಇದು. ಕಾರ್ಡಿನ ಚಿಪ್ಪು ಪ್ರತಿ ಸಲ ಹೊಸ ಉತ್ತರ ಕೊಡುತ್ತೆ. ಹೆಬ್ಬೆಟ್ಟು ಹುಟ್ಟಿದಾಗಿನಿಂದ ಒಂದೇ ಉತ್ತರ ಕೊಡ್ತಾ ಬಂದಿದೆ, ಆ ಹಳೇ ಕಪ್ಪು ಪಟ್ಟಿಯ ಹಾಗೆ. ಕಾರ್ಡು ಹಾಳಾದರೆ ಹೊಸದು ಕೊಡ್ತಾರೆ. ಊರಿನಲ್ಲಿ ಜನ ಹೆದರಿದ್ದು ಚಿಪ್ಪಿಗೆ, ನಿಶ್ಚಿಂತೆಯಿಂದ ಕೊಟ್ಟದ್ದು ಹೆಬ್ಬೆಟ್ಟು.

ಬ್ಯಾಂಕಿನಲ್ಲಿ ಮೊದಲು ಹೇಳಿದ್ದು “ಅವರ ಬೆರಳೇ ಮ್ಯಾಚ್ ಆಗಿದೆ, ಅವರೇ ತೆಗೆದಿರಬೇಕು” ಅಂತ. ಇಲ್ಲಿ ನಿಮಗೆ ಉಪಯೋಗಕ್ಕೆ ಬರೋ ಒಂದು ಕಾಗದ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹತ್ತು ಸಾವಿರದವರೆಗೆ ಹೊಣೆ ಬರುತ್ತೆ. ದೂರು ಬಂದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥವಾಗಬೇಕು. ಗ್ರಾಹಕನದ್ದೇ ಹೊಣೆ ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನದ್ದು. ಅಣ್ಣ ಅದರ ಪ್ರಿಂಟ್ ತಗೊಂಡು ಹೋಗಿ ಮೇಜಿನ ಮೇಲಿಟ್ಟ ಮೇಲೆ ಮಾತಿನ ಧಾಟಿ ಬದಲಾಯ್ತು. ಬುಧವಾರದ ಮೆಸೇಜಿಗೆ ಶುಕ್ರವಾರದ ಸೀಲು ಇದ್ದದ್ದು ನಮ್ಮನ್ನು ಉಳಿಸಿತು. ಮೊಮ್ಮಗ ಆ ವಾರ ಪರೀಕ್ಷೆ ಅಂತ ಫೋನ್ ಮುಟ್ಟದಿದ್ದರೆ? ಇಪ್ಪತ್ತು ಸಾವಿರ ವಾಪಸು ಬರೋಕೆ ಮಾತ್ರ ಎಂಬತ್ತು ಚಿಲ್ಲರೆ ದಿನ ಹಿಡೀತು. ಅಷ್ಟರಲ್ಲಿ ದೊಡ್ಡಪ್ಪ ಆಳುಗಳ ಕೂಲಿಗೆ ಬಡ್ಡಿಗೆ ತಂದಿದ್ದರು. ಆ ಬಡ್ಡಿ ಕೊಡೋ ಸುತ್ತೋಲೆ ಯಾವುದೂ ಇಲ್ಲ.

ಅವತ್ತೇ ಯುಐಡಿಎಐ ಜಾಲತಾಣದಲ್ಲಿ ದೊಡ್ಡಪ್ಪನ ಬಯೋಮೆಟ್ರಿಕ್‌ಗೆ ಕೀಲಿ ಹಾಕಿದೆ. ಎಂಆಧಾರ್ ಆ್ಯಪ್‌ನಲ್ಲೂ ಹಾಕಬಹುದು, ಐದು ನಿಮಿಷದ ಕೆಲಸ. ನಿಮ್ಮಪ್ಪ ಅವ್ವನಿಗೆ ಮಾಡಿಕೊಡಿ, ನಿಮಗೂ ಮಾಡಿಕೊಳ್ಳಿ. ಕೀಲಿ ಇದ್ದರೆ ಆ ಬೆರಳಿನಿಂದ ಯಾರೂ ಏನೂ ತೆಗೆಯೋಕಾಗಲ್ಲ. ತೊಂದರೆ ಏನಂದ್ರೆ, ಬೆರಳಿನ ಯಜಮಾನನಿಗೂ ಆಗಲ್ಲ. ಬ್ಯಾಂಕ್ ಮಿತ್ರನ ಹತ್ತಿರ ದುಡ್ಡು ತೆಗೆಯೋದು ನಿಂತಿತು. ಈಗ ದೊಡ್ಡಪ್ಪ ನವಲಗುಂದಕ್ಕೆ ಹೋದಾಗ ಎಟಿಎಂನಲ್ಲಿ ತೆಗೀತಾರೆ, ಅದೇ ಗೀಟಿನ ಕಾರ್ಡಿನಿಂದ. ರೇಷನ್ ಅಂಗಡಿಯಲ್ಲಿ ಮಾತ್ರ ದೊಡ್ಡಪ್ಪ ಈಗಲೂ ಹೆಬ್ಬೆಟ್ಟೇ ಒತ್ತುತ್ತಾರೆ.

ಹಾಗಾಗಿ ತಿಂಗಳಿಗೊಂದು ದಿನ ರೇಷನ್ ಅಂಗಡಿ ಸಾಲಿನಿಂದ ಫೋನ್ ಬರುತ್ತೆ. “ತಮ್ಮಾ, ಕೀಲಿ ತಗಿ.” ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ತೆರೆದು ಅವರ ಆಧಾರ್ ನಂಬರ್ ಹಾಕ್ತೀನಿ. ಒಟಿಪಿ ಹೋಗೋದು ಅವರ ಫೋನಿಗೆ. ಅದನ್ನು ಅವರು ನನಗೆ ಓದಿ ಹೇಳಬೇಕು. ಯಾರಿಗೂ, ಮನೆ ಮಗ ಅಂದರೂ, ಫೋನಿನಲ್ಲಿ ಒಟಿಪಿ ಹೇಳಬ್ಯಾಡ್ರಿ ಅಂತ ಅದೇ ದೊಡ್ಡಪ್ಪನಿಗೆ ಮೂರು ವರ್ಷದಿಂದ ಕಲಿಸ್ತಾ ಬಂದವನು ನಾನೇ. ಇದಕ್ಕೆ ಇನ್ನೂ ಒಳ್ಳೇ ಉಪಾಯ ನನಗೆ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ.

ದೊಡ್ಡಪ್ಪ ತಮ್ಮ ಮಟ್ಟಿಗೆ ಒಂದು ದಾರಿ ಕಂಡುಕೊಂಡಿದ್ದಾರೆ. ಅಂಕಿ ಹೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳ್ತಾರೆ, ಪ್ರತಿ ತಿಂಗಳು ಬೇರೆ ಬೇರೆ. ಹೋದ ತಿಂಗಳು, ನಾನು ಎರಡನೇ ಇಯತ್ತೆಯಲ್ಲಿದ್ದಾಗ ನನ್ನನ್ನು ಹಾಯ್ದ ಎತ್ತು ಯಾವುದು ಅಂತ ಕೇಳಿದರು. ಬಿಳೇದು ಅಂದೆ.

“ಎಡಗಡೆ ಹೂಡ್ತಿದ್ವೋ, ಬಲಗಡೆ ಹೂಡ್ತಿದ್ವೋ?”

ನೆನಪಾಗಲಿಲ್ಲ. ಫೋನ್ ಇಟ್ಟುಬಿಟ್ಟರು. ಅಣ್ಣನ ಫೋನಿನಿಂದ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿದ ಮೇಲೆಯೇ ಆ ಆರು ಅಂಕಿ ಸಿಕ್ಕಿದ್ದು.